ಬೀಗರ ಮೂಲ ಊರಿನ ಹುಡುಕಾಟ: ಆನ್‌ಲೈನ್ ವಂಶವೃಕ್ಷವೋ, ಚರ್ಚಿನ ದಾಖಲೆಯೋ, ಉಯಿಲೋ?

ನನ್ನ ಸೊಸೆಯ ತಾಯಿಯ ಕಡೆಯವರು 1630ರ ದಶಕದಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಮ್ಯಾಸಚೂಸೆಟ್ಸಿಗೆ ಬಂದವರು. ಇಂಗ್ಲೆಂಡಿನಲ್ಲಿ ಯಾವ ಊರು ಅಂತ ಬೀಗರಿಗೂ ಗೊತ್ತಿರಲಿಲ್ಲ. ನಮ್ಮ ಕಡೆಯ ಮೂಲ ಊರನ್ನು ಪಟ್ಟನೆ ಹೇಳುವ ಮೊಮ್ಮಗಳಿಗೆ ಆ ಕಡೆಯದೂ ತಿಳಿಯಲಿ ಎಂದು ಎರಡು ಚಳಿಗಾಲ ಕೂತು ಹುಡುಕಿದೆ.

ಮೊದಲು ಕೈಹಾಕಿದ್ದು ಜನರೇ ಕಟ್ಟಿಟ್ಟ ಆನ್‌ಲೈನ್ ವಂಶವೃಕ್ಷಗಳಿಗೆ. ಹತ್ತೇ ನಿಮಿಷದಲ್ಲಿ ಊರು, ತಂದೆ, ತಾಯಿ, ಅಜ್ಜ ಎಲ್ಲ ಸಿಕ್ಕಿತು. ಬೀಗರಿಗೆ ಫೋನೂ ಮಾಡಿಬಿಟ್ಟೆ. ಆಮೇಲೆ ಆ ಊರಿನ ಚರ್ಚಿನ ದಾಖಲೆ ತೆರೆದರೆ, ಆ ಮಗು ಎರಡು ವರ್ಷ ತುಂಬುವ ಮೊದಲೇ ಮಣ್ಣಾಗಿತ್ತು. ಒಬ್ಬರು ಬರೆದ ತಪ್ಪನ್ನು ಹತ್ತಾರು ಜನ ನಕಲು ಮಾಡಿಕೊಂಡಿದ್ದರು. ಬೀಗರಿಗೆ ಮತ್ತೆ ಫೋನ್ ಮಾಡುವಾಗ ಬಹಳ ಸಂಕಟವಾಯಿತು. ಸುಳಿವಿಗೆ ಇವು ಸಾಕು, ನಂಬುವುದಕ್ಕೆ ಸಾಲವು.

ಚರ್ಚಿನ ದಾಖಲೆಗಳ ತೂಕ ಬೇರೆ. ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿದ. ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಬಹಳಷ್ಟು ಪುಕ್ಕಟೆ ನೋಡಬಹುದು. ಆದರೆ ಆ ಕಾಲದ ಕೈಬರಹ ಕಣ್ಣಿಗೆ ಒಗ್ಗಲು ತಿಂಗಳುಗಳೇ ಬೇಕಾದವು. ಇಸವಿಯ ತೊಡಕೂ ಇದೆ. 1752ರ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. ಮುಂದೆ ಅಮೆರಿಕದ ಪ್ಲಿಮತ್ ವಸಾಹತಿನ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್‌ಗೆ ಇಂಗ್ಲೆಂಡಿನ ಆಸ್ಟರ್‌ಫೀಲ್ಡ್‌ನಲ್ಲಿ ದೀಕ್ಷಾಸ್ನಾನವಾದ ಮಾರ್ಚ್ 19 ಅವರ ಲೆಕ್ಕದಲ್ಲಿ 1589, ನಮ್ಮ ಲೆಕ್ಕದಲ್ಲಿ 1590. ಇದಕ್ಕಿಂತ ದೊಡ್ಡ ಕೊರತೆ ಎಂದರೆ, ಮಗುವಿನ ಹೆಸರು ಸಿಗುತ್ತದೆ. ಆ ಮಗುವೇ ಮುಂದೆ ಕಡಲು ದಾಟಿತೆನ್ನಲು ಅಲ್ಲಿ ಆಧಾರವಿಲ್ಲ.

ಆ ಆಧಾರ ಇರುವುದು ಉಯಿಲುಗಳಲ್ಲಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ದಾರಿ. ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸಿಗೆ ಹೋದ, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೆಸರಾದ ಜಾನ್ ಹಾರ್ವರ್ಡ್‌ನನ್ನೇ ನೋಡಿ. ಲಂಡನ್ನಿನ ಸದರ್ಕ್‌ನಲ್ಲಿ 1607ರ ನವೆಂಬರ್ 29ರ ದೀಕ್ಷಾಸ್ನಾನದ ಸಾಲಿನಲ್ಲಿ ಕಟುಕ ರಾಬರ್ಟ್‌ನ ಈ ಮಗನ ಮನೆತನದ ಹೆಸರು ‘ಹಾರ್ವೀ’ ಎಂದಿದೆ. ಅವನ ತಾಯಿ ಮೂರು ಮದುವೆಯಾಗಿ, 1635ರಲ್ಲಿ ಉಯಿಲು ಬರೆಸುವಾಗ ಕ್ಯಾಥರೀನ್ ಯಾರ್‌ವುಡ್ ಆಗಿದ್ದಳು. ‘ಹಾರ್ವರ್ಡ್’ ಎಂದು ಹುಡುಕಿದರೆ ಎರಡೂ ಕೈಗೆ ಸಿಗವು! 1880ರ ದಶಕದಲ್ಲಿ ಅಮೆರಿಕದ ವಂಶಾವಳಿ ಸಂಶೋಧಕ ಹೆನ್ರಿ ವಾಟರ್ಸ್ ಉಯಿಲುಗಳನ್ನು ಒಂದೊಂದಾಗಿ ಓದುತ್ತ ಹೋದದ್ದಕ್ಕೆ, ಅವಳು ತನ್ನ ಹಿರಿಯ ಮಗ ಜಾನ್ ಹಾರ್ವರ್ಡ್‌ನನ್ನು ಹೆಸರಿಸಿದ್ದು ಬೆಳಕಿಗೆ ಬಂತು. ಉಯಿಲುಗಳನ್ನು ಊರ್ಜಿತಗೊಳಿಸುತ್ತಿದ್ದ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ನ್ಯಾಯಾಲಯದ 1384ರಿಂದ 1858ರವರೆಗಿನ ಉಯಿಲುಗಳು ಈಗ ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮನೆಯಲ್ಲೇ ಕೂತು ತರಿಸಿಕೊಳ್ಳಬಹುದು.

ಹೊಸಬರು ವಂಶಾವಳಿ ಸಂಶೋಧಕ ರಾಬರ್ಟ್ ಚಾರ್ಲ್ಸ್ ಆಂಡರ್ಸನ್ 1988ರಲ್ಲಿ ಶುರುಮಾಡಿದ ಗ್ರೇಟ್ ಮೈಗ್ರೇಷನ್ ಸಂಪುಟಗಳಿಂದ ಹೊರಡಲಿ. 1620ರಿಂದ ನ್ಯೂ ಇಂಗ್ಲೆಂಡಿಗೆ, ಅಂದರೆ ಮ್ಯಾಸಚೂಸೆಟ್ಸ್ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ, ಬಂದಿಳಿದವರ ವಿವರ ಅಲ್ಲಿದೆ. ಮೂಲ ಸಿಗದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆದಿರುತ್ತಾರೆ. ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ.

ನಮ್ಮ ಬೀಗರ ಹಿರಿಯನ ಹೆಸರಿನ ಮುಂದೆಯೂ ಅದೇ ಇತ್ತು. ಕೊನೆಗೆ ಇಂಗ್ಲೆಂಡಿನ ಸಫೋಕ್ ಪ್ರಾಂತದ ಒಂದು ಊರಿನವನ ಉಯಿಲಿನಲ್ಲಿ, ‘ನ್ಯೂ ಇಂಗ್ಲೆಂಡಿನಲ್ಲಿರುವ ನನ್ನ ಅಣ್ಣನ ಮಗನಿಗೆ ಐದು ಪೌಂಡ್’ ಎಂಬ ಸಾಲು ಸಿಕ್ಕಿತು. ಈ ಸಲ ಆ ಊರಿನ ಚರ್ಚಿನ ದಾಖಲೆಯನ್ನು ಕೊನೆಯ ಪುಟದವರೆಗೆ ಓದಿಯೇ ಬೀಗರಿಗೆ ಫೋನ್ ಮಾಡಿದೆ.