ಬಾಡಿಗೆ ಮಿಷನ್‌ನಲ್ಲಿ ರಾಗಿ ಕೊಯ್ಲು: ಕಾಳಿಗೆ ಪೂರ್ತಿ ಮಾರ್ಕ್ಸ್, ಹುಲ್ಲಿಗೆ ಅರ್ಧ, ಅವರೆಗೆ ಸೊನ್ನೆ

ನಮ್ಮದು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಮಳೆ ನಂಬಿದ ಹೊಲ, ಎರಡು ಕಡೆ ಸೇರಿ ನಾಲ್ಕು ಎಕರೆ. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ನಾನು, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ. ಕೊಟ್ಟಿಗೆಯಲ್ಲಿ ಮೂರು ಸೀಮೆಹಸು, ಒಂದು ನಾಟಿ ಹಸು. ಹಸುಗಳ ಲೆಕ್ಕ ಯಾಕೆ ಅಂದರೆ, ರಾಗಿ ಕೊಯ್ದು ಅಲ್ಲೇ ಕಾಳು ಬಿಡಿಸುವ ಮಿಷನ್ ಕರೆಸೋಣವಾ ಬೇಡವಾ ಅಂತ ಯೋಚಿಸುವವರು ಮೊದಲು ತಮ್ಮ ಕೊಟ್ಟಿಗೆ ನೋಡಿಕೊಳ್ಳಬೇಕು. ದನ ಕಟ್ಟದವರಿಗೆ ಒಂದು ಉತ್ತರ, ಕಟ್ಟಿದವರಿಗೆ ಇನ್ನೊಂದು.

ಮೊದಲು ಮಿಷನ್ ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮೂರಲ್ಲಿ ಮುಯ್ಯಾಳು ಇತ್ತು. ನಮ್ಮ ಹೊಲಕ್ಕೆ ಅವರು, ಅವರ ಹೊಲಕ್ಕೆ ನಾವು. ಕುಡುಗೋಲು ಹಿಡಿದು ಹತ್ತು ಜನ ಹೆಂಗಸರು ಸಾಲಾಗಿ ನಿಂತರೆ ಸಂಜೆಯೊಳಗೆ ಒಂದು ಎಕರೆ ಅರಿ (ಕೊಯ್ದ ಪೈರಿನ ಸಾಲು) ಬೀಳುತ್ತಿತ್ತು. ಈಗ ಆ ಮನೆಗಳ ಹೆಣ್ಣುಮಕ್ಕಳೆಲ್ಲ ಬೆಳಿಗ್ಗೆ ಏಳಕ್ಕೆ ದಾಬಸ್‌ಪೇಟೆ ಕಡೆಯ ಫ್ಯಾಕ್ಟರಿ ಬಸ್ ಹತ್ತುತ್ತಾರೆ. ತಿಂಗಳ ಸಂಬಳ, ಪಿಎಫ್ ಬಿಟ್ಟು ನಮ್ಮ ಹೊಲದಲ್ಲಿ ಸೊಂಟ ಬಗ್ಗಿಸಿ ಅಂತ ಹೇಳೋಕೆ ನನಗೇ ಬಾಯಿ ಬರುವುದಿಲ್ಲ. ಸಿಗುವ ನಾಲ್ಕು ಜನಕ್ಕೆ ದಿನಕ್ಕೆ 450 ರೂಪಾಯಿ, ಊಟ, ಕಾಫಿ, ಎಲೆ ಅಡಿಕೆ. ಅವರೂ ವಯಸ್ಸಾದವರು.

ಜೊತೆಗೆ ಮಳೆ. ನಮ್ಮ ಕಡೆ ರಾಗಿ ಮಾಗುವುದಕ್ಕೂ ಬಂಗಾಳ ಕೊಲ್ಲಿಯಲ್ಲಿ ಏನಾದರೊಂದು ಏಳುವುದಕ್ಕೂ ಸರಿಯಾಗಿರುತ್ತದೆ. 2021ರ ನವೆಂಬರ್ ಮಳೆಯಲ್ಲಿ ತೆನೆ ಹೊಲದಲ್ಲೇ ಮೊಳಕೆ ಬಂದಿದ್ದನ್ನು ಈ ಕಡೆಯ ಯಾರೂ ಮರೆತಿಲ್ಲ. 2024ರಲ್ಲಿ ಫೆಂಗಲ್ ಚಂಡಮಾರುತ ಬಂದಾಗ ಕೊಯ್ದು ಅರಿ ಹಾಕಿದವರ ರಾಗಿ ಎಲ್ಲ ನೆನೆಯಿತು. ಹಾಗಾಗಿ ಈ ಸಲ ತೆನೆ ಕಂದು ಬಣ್ಣಕ್ಕೆ ತಿರುಗುತ್ತಿದ್ದ ಹಾಗೇ ಯಜಮಾನರು ಮಿಷನ್ ಏಜೆಂಟ್‌ಗೆ ಫೋನ್ ಮಾಡಿದರು.

ಕಂಪನಿ ಹೆಸರು ಬರೆಯುವುದಿಲ್ಲ. ಬಾಡಿಗೆಗೆ ಬರುವ ಮಿಷನ್ ಯಾವ ಕಂಪನಿಯದು ಅನ್ನುವುದಕ್ಕಿಂತ ಓಡಿಸುವ ಹುಡುಗ ಯಾರು ಅನ್ನುವುದೇ ಮುಖ್ಯ. ಆದರೆ ಜಾತಿ ಮಾತ್ರ ಎರಡು: ಟೈರಿನದ್ದು, ಬೆಲ್ಟಿನದ್ದು. ಟೈರ್ ಮಿಷನ್ ಬಾಯಿ (ಮುಂದಿನ ಕೊಯ್ಯುವ ಭಾಗ) ಅಗಲ, ದೊಡ್ಡ ಬಯಲು ಹೊಲಕ್ಕೆ ಸರಿ. ನಮ್ಮಂಥ ಬದು, ತಿರುವು, ಒದ್ದೆ ನೆಲ ಇರುವ ಹೊಲಕ್ಕೆ ಬೆಲ್ಟಿನದ್ದೇ ಬೇಕು. ಬಾಯಿ ಆರು ಏಳು ಅಡಿ, ನಿಂತಲ್ಲೇ ತಿರುಗುತ್ತದೆ, ಹೂತುಕೊಳ್ಳುವುದು ಕಡಿಮೆ. ನಮಗೆ ಬಂದಿದ್ದು ಅದೇ. ಗಂಟೆಗೆ 3,200 ರೂಪಾಯಿ. ತುಂಬಿದ ರಾಗಿ ಮನೆಗೆ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಬೇರೆ.

ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೆ ಅಂದ ಮಿಷನ್ ಬಂದಿದ್ದು ರಾತ್ರಿ ಒಂಬತ್ತೂವರೆಗೆ. ಇದು ಏಜೆಂಟ್ ತಪ್ಪು, ಹುಡುಗರದ್ದಲ್ಲ. ಪಕ್ಕದೂರಲ್ಲಿ ಇನ್ನಿಬ್ಬರಿಗೆ ಅದೇ ದಿನ ಮಾತು ಕೊಟ್ಟಿದ್ದ. ಸೇಲಂ ಕಡೆಯ ಇಬ್ಬರು ಹುಡುಗರು, ಅರ್ಧ ತಮಿಳು ಅರ್ಧ ಕನ್ನಡ. ಬಂದವರೇ ಲೈಟ್ ಹಾಕಿ ಹೊಲಕ್ಕೆ ಇಳಿಯಲು ಹೊರಟರು. ನಮ್ಮತ್ತೆ ಅಡ್ಡ ನಿಂತರು. "ಏನಪ್ಪಾ, ಇಬ್ಬನಿ ಬಿದ್ದೈತೆ, ಕಾಣಾಕಿಲ್ವಾ? ಈಗ ಕೊಯ್ದ್ರೆ ಕಾಳೆಲ್ಲ ಮುಗ್ಗಲು ಬತ್ತದೆ. ಉಂಡು ಮಲೀಕಳಿ, ಬಿಸಿಲು ಬಂದ್ಮ್ಯಾಕೆ ನೋಡಾನ." ಏಜೆಂಟ್ ಫೋನಿನಲ್ಲಿ ಕೂಗಾಡಿದ. ಅತ್ತೆ ಫೋನ್ ಕಿವಿಗೇ ಇಟ್ಟುಕೊಳ್ಳಲಿಲ್ಲ. ಹುಡುಗರಿಗೆ ಮುದ್ದೆ, ಹುರುಳಿಕಾಳು ಸಾರು ಬಡಿಸಿದೆ. ಒಬ್ಬ ಎರಡನೇ ಮುದ್ದೆ ಕೇಳಿದ, ಇನ್ನೊಬ್ಬ ಅನ್ನ ಇದೆಯಾ ಅಂತ ಮೆಲ್ಲಗೆ ಕೇಳಿದ. ಜಗಲಿ ಮೇಲೆ ಮಲಗಿದರು.

ರಾತ್ರಿ ಕೊಯ್ಯಿಸಬೇಡಿ ಅಂತ ನಾನೂ ಹೇಳುತ್ತೇನೆ. ಇಬ್ಬನಿಯ ತೇವದಲ್ಲಿ ತೆನೆ ಸರಿಯಾಗಿ ಬಡಿಯುವುದಿಲ್ಲ, ಹುಲ್ಲು ಸುತ್ತಿಕೊಂಡು ಮಿಷನ್ ನಿಲ್ಲುತ್ತದೆ, ನಿಂತಾಗಲೂ ಎಂಜಿನ್ ಮೀಟರ್ ಓಡುತ್ತಲೇ ಇರುತ್ತದೆ. ಒಪ್ಪಂದ ಮಾಡುವಾಗಲೇ ಮೀಟರ್ ಯಾವಾಗ ಶುರು, ಯಾವಾಗ ಕಟ್ ಅಂತ ಕೇಳಿ. ನಮ್ಮ ಮಗ ಮೊಬೈಲಿನಲ್ಲಿ ಮೀಟರ್ ಫೋಟೊ ತೆಗೆದಿಟ್ಟ, ಕೊನೆಯಲ್ಲಿ ಜಗಳ ಆಗಲಿಲ್ಲ.

ಇನ್ನು ಕೆಲಸದ ವಿಷಯ. ಕೆರೆ ಹಿಂದಿನ ಎರಡೂವರೆ ಎಕರೆ ಹೊಲ, ಜಿಪಿಯು-28 ತಳಿಯ ರಾಗಿ. ಬೆಂಕಿ ರೋಗ ತಡೆಯುತ್ತದೆ ಅಂತ ನಾವು ಅದನ್ನೇ ಹಾಕುವುದು. ಪೈರು ಚೆನ್ನಾಗಿ ನಿಂತಿತ್ತು. ನಿಂತ ಪೈರಿಗೆ ಎಕರೆಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಕೆಳಗಿನ ಮೂಲೆಯಲ್ಲಿ ಯೂರಿಯಾ ಜಾಸ್ತಿ ಬಿದ್ದು ಪೈರು ಮಲಗಿತ್ತು. ಅಲ್ಲಿ ಹುಡುಗ ಒಂದೇ ದಿಕ್ಕಿನಿಂದ ಎತ್ತಿ ಎತ್ತಿ ಕೊಯ್ಯಬೇಕಾಯಿತು, ಹೆಚ್ಚು ಕಡಿಮೆ ಎರಡರಷ್ಟು ಟೈಮ್. ಮಲಗಿದ ರಾಗಿ ಜಾಸ್ತಿ ಇರುವವರು ಗಂಟೆ ಲೆಕ್ಕ ಬಿಟ್ಟು ಎಕರೆ ಲೆಕ್ಕಕ್ಕೆ ಒಪ್ಪಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ಮುಖ್ಯವಾದ ಕಿವಿಮಾತು. ಈ ಮಿಷನ್‌ಗಳು ಹೆಚ್ಚಾಗಿ ಭತ್ತ ಕೊಯ್ದು ಬರುತ್ತವೆ. ಮಿಷನ್ ಒಳಗಿನ ಫ್ಯಾನಿಗೆ ಭತ್ತಕ್ಕೆ ಅಂತ ಇಟ್ಟ ಗಾಳಿಯಲ್ಲೇ ರಾಗಿ ಹೊಡೆದರೆ ಸಣ್ಣ ಕಾಳು ಹುಲ್ಲಿನ ಜೊತೆ ಹಿಂದಿನಿಂದ ಹಾರಿಹೋಗುತ್ತದೆ. ಮೊದಲ ಸಾಲು ಮುಗಿದ ಕೂಡಲೇ ನಿಲ್ಲಿಸಲು ಹೇಳಿದೆ. ಹಿಂದೆ ಬಿದ್ದಿದ್ದ ಹುಲ್ಲನ್ನು ಎರಡು ಕೈ ತುಂಬಾ ಎತ್ತಿ ಮೊರದ ಮೇಲೆ ಕೊಡವಿದೆ. ಮೊರದ ತಳ ಕಾಣದ ಹಾಗೆ ರಾಗಿ ಉದುರಿತು. ಹುಡುಗನಿಗೆ ತೋರಿಸಿದೆ. ಮುಖ ಸಣ್ಣ ಮಾಡಿಕೊಂಡು ಸ್ಪ್ಯಾನರ್ ತಂದ, ಗಾಳಿ ತಗ್ಗಿಸಿದ, ಒಳಗಿನ ಜರಡಿ ಬದಲಾಯಿಸಿದ. ಮುಂದಿನ ಸಾಲಿನ ಹುಲ್ಲು ಕೊಡವಿದಾಗ ನಾಲ್ಕಾರು ಕಾಳು ಬಿದ್ದವು ಅಷ್ಟೇ. ಮೊರ ತೆಗೆದುಕೊಂಡು ಹೋಗುವುದನ್ನು ಮರೆಯಬೇಡಿ. ಹೆಂಗಸರು ಹೇಳಿದರೆ ಕೇಳುವುದಿಲ್ಲ ಅನ್ನುವ ಡ್ರೈವರ್‌ಗಳೂ ಮೊರದಲ್ಲಿ ಬಿದ್ದ ಕಾಳಿಗೆ ಎದುರು ಮಾತಾಡುವುದಿಲ್ಲ.

ಹೊಲಕ್ಕೆ ಇಳಿಯುವ ಮುಂಚೆ ಮಿಷನ್ ಹೊಟ್ಟೆ ಖಾಲಿ ಮಾಡಿಸಿ. ಹಿಂದಿನ ಊರಿನ ಭತ್ತ, ಕಳೆ ಬೀಜ ಎಲ್ಲ ಅದರಲ್ಲೇ ಕೂತಿರುತ್ತದೆ. ನಮ್ಮ ಮೊದಲ ಚೀಲದಲ್ಲಿ ಭತ್ತದ ಕಾಳು ಚೆನ್ನಾಗಿಯೇ ಸಿಕ್ಕಿತು. ಮಿಷನ್ ರಾಗಿಯನ್ನು ಬಿತ್ತನೆಗೆ ಅಂತೂ ಇಟ್ಟುಕೊಳ್ಳಲೇಬಾರದು. ನಮ್ಮತ್ತೆ ಮಿಷನ್ ಬರುವ ಮುಂಚೆಯೇ ಒಳ್ಳೆ ತೆನೆ ಆರಿಸಿ ಮುರಿದು, ಒಂದು ಗೋಣಿಯಲ್ಲಿ ಕಟ್ಟಿ ಬೇರೆ ಇಟ್ಟಿದ್ದರು.

ಕಾಳು ಹೇಗಿತ್ತು? ನಿಜ ಹೇಳಬೇಕೆಂದರೆ ನಾವು ಕಣದಲ್ಲಿ ಮಾಡುತ್ತಿದ್ದುದಕ್ಕಿಂತ ಕ್ಲೀನ್. ಕಲ್ಲಿಲ್ಲ, ಮಣ್ಣಿಲ್ಲ. ಟಾರ್ ರೋಡಿಗೆ ಹಾಸಿ ಬಸ್ಸು ಲಾರಿ ಹತ್ತಿಸಿ ಒಕ್ಕಣೆ ಮಾಡುವವರ ರಾಗಿ ತಿಂದವರಿಗೆ ಇದರ ಬೆಲೆ ಗೊತ್ತು. ಆ ರೋಡ್ ಒಕ್ಕಣೆ ನಿಂತರೆ ನನಗೆ ಬಹಳ ಖುಷಿ. ಹುಲ್ಲಿನ ಮೇಲೆ ಬೈಕ್ ಜಾರಿ ಬಿದ್ದವರನ್ನು ನಾನೇ ಎತ್ತಿದ್ದೇನೆ. ಆದರೆ ಮಿಷನ್ ಕಾಳು ಹಸಿ ಇರುತ್ತದೆ. ಟ್ರೈಲರಿನಿಂದ ಒಂದು ಹಿಡಿ ತೆಗೆದು ಅತ್ತೆ ಹಲ್ಲಿನಲ್ಲಿ ಕಚ್ಚಿ ನೋಡಿ, "ಚೀಲಕ್ಕೆ ಹಾಕ್ಬ್ಯಾಡಿ" ಅಂದರು. ಟಾರ್ಪಾಲ್ ಮೇಲೆ ಹರಡಿ ಒಳ್ಳೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು, ಆಗಾಗ ಕಾಲಾಡಿಸಿ ತಿರುವಬೇಕು. ಬೆಂಬಲ ಬೆಲೆಗೆ ಖರೀದಿ ಕೇಂದ್ರಕ್ಕೆ ಹಾಕುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ. ತೇವ ಜಾಸ್ತಿ ಇದ್ದರೆ ಗಾಡಿ ವಾಪಸ್. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ಇದ್ದರೂ ಹಸಿ ರಾಗಿ ಹಸಿ ರಾಗಿಯೇ.

ಇನ್ನು ಹುಲ್ಲು. ಇಲ್ಲಿಂದ ನನ್ನ ಬೇಸರ ಶುರು. ಕೈಯಲ್ಲಿ ಕೊಯ್ದರೆ ನೆಲಕ್ಕೆ ಹತ್ತಿ ಕೊಯ್ಯುತ್ತೇವೆ, ಪೂರ್ತಿ ಹುಲ್ಲು ಸಿಗುತ್ತದೆ. ಬಣವೆ ಒಟ್ಟಿದರೆ ಮಳೆ ನೀರು ಒಳಗೆ ಇಳಿಯದೆ ಮುಂದಿನ ಮುಂಗಾರಿನವರೆಗೆ ಬರುತ್ತದೆ. ಮಿಷನ್ ಕಲ್ಲಿಗೆ ಹೆದರಿ ಬಾಯಿ ಎತ್ತಿಕೊಂಡೇ ಓಡುತ್ತದೆ. ಮೊಣಕಾಲಿನ ಹತ್ತಿರದವರೆಗೆ ಕೂಳೆ ಹೊಲದಲ್ಲೇ ಉಳಿಯಿತು. ಸಿಕ್ಕ ಹುಲ್ಲೂ ನುಜ್ಜುಗುಜ್ಜಾಗಿ ಬೀಳುತ್ತದೆ, ಕಂತೆ ಕಟ್ಟಲು ಬರುವುದಿಲ್ಲ, ಬಣವೆ ನಿಲ್ಲುವುದಿಲ್ಲ. ಮತ್ತೆ ಪೆಂಡಿ ಕಟ್ಟುವ ಮಿಷನ್ ಕರೆಸಬೇಕು, ಪೆಂಡಿಗೆ 40 ರೂಪಾಯಿ. ಮಿಷನ್ ಬೆಲ್ಟ್ ತುಳಿದ ಕಡೆಯ ಹುಲ್ಲಿಗೆ ಮಣ್ಣು ಮೆತ್ತಿಕೊಂಡಿರುತ್ತದೆ. ಸೀಮೆಹಸುಗಳು ಹೇಗೋ ತಿಂದವು. ನಾಟಿ ಹಸು ಮೂಸಿ ನೋಡಿ ಮುಖ ತಿರುಗಿಸಿತು. ನಮ್ಮ ಮನೆ ದಿನದ ಖರ್ಚು ನಡೆಯುವುದು ಡೇರಿಗೆ ಹಾಕುವ ಹಾಲಿನಿಂದ. ರಾಗಿ ವರ್ಷಕ್ಕೊಮ್ಮೆ, ಹಾಲು ದಿನಕ್ಕೆರಡು ಸಲ. ಬೇಸಿಗೆಯಲ್ಲಿ ಹುಲ್ಲು ಕೊಂಡರೆ ಕೊಯ್ಲಿನಲ್ಲಿ ಉಳಿಸಿದ ದುಡ್ಡು ಅಲ್ಲಿಗೇ ಹೋಗುತ್ತದೆ. ಮಿಷನ್ ಏಜೆಂಟ್‌ಗಳು ಎಕರೆಗೆ ಇಷ್ಟು ಉಳಿತಾಯ ಅಂತ ಹೇಳುವಾಗ ಈ ಲೆಕ್ಕ ಹೇಳುವುದಿಲ್ಲ.

ತಗ್ಗಿಸಿ ಕೊಯ್ಯಪ್ಪಾ ಅಂತ ಕೇಳಿದರೆ ತಗ್ಗಿಸುತ್ತಾರೆ. ನಿಧಾನ ಆಗುತ್ತದೆ, ಮೀಟರ್ ಏರುತ್ತದೆ. ಕಲ್ಲಿಲ್ಲದ ಹೊಲ ಆದರೆ ಆ ಜಾಸ್ತಿ ದುಡ್ಡು ಕೊಟ್ಟುಬಿಡಿ ಅಂತ ನನ್ನ ಸಲಹೆ. ಹುಲ್ಲಿನಲ್ಲಿ ವಾಪಸ್ ಬರುತ್ತದೆ.

ಮನೆ ಹಿಂದಿನ ಒಂದೂವರೆ ಎಕರೆಗೆ ಮಿಷನ್ ಇಳಿಸಲೇ ಇಲ್ಲ. ಅಲ್ಲಿ ಅತ್ತೆಯ ಅಕ್ಕಡಿ ಸಾಲು ಇದೆ. ಆರು ಸಾಲು ರಾಗಿಗೆ ಒಂದು ಸಾಲು ಅವರೆ, ಆಮೇಲೆ ತೊಗರಿ, ನಡುವೆ ಹುಚ್ಚೆಳ್ಳು, ಅಂಚಿಗೆ ಹರಳು. ರಾಗಿ ಕೊಯ್ಲಿಗೆ ಬಂದಾಗ ಅವರೆ ಇನ್ನೂ ಹೂವು, ಎಳೆ ಕಾಯಿ. ಸೊಗಡು ಬರುವುದು ಚಳಿ ಜೋರಾದ ಮೇಲೆ. ಕುಡುಗೋಲು ಹಿಡಿದವಳು ಅವರೆ ಬಳ್ಳಿ ಬಿಟ್ಟು ರಾಗಿ ಮಾತ್ರ ಕೊಯ್ಯುತ್ತಾಳೆ. ಮಿಷನ್‌ಗೆ ಆ ವ್ಯತ್ಯಾಸ ಗೊತ್ತಿಲ್ಲ. ಡ್ರೈವರ್ ಹುಡುಗ ನೋಡಿ, "ಅಮ್ಮಾ, ಮುಂದಿನ ವರ್ಷ ಬರೀ ರಾಗಿ ಹಾಕಿ, ಅರ್ಧ ದಿನದಲ್ಲಿ ಎಲ್ಲಾ ಮುಗಿಸಿಕೊಡ್ತೀನಿ" ಅಂದ. ನಮ್ಮೂರಲ್ಲಿ ಸುಮಾರು ಜನ ಈಗ ಮಾಡುತ್ತಿರುವುದು ಅದನ್ನೇ. ಹುಚ್ಚೆಳ್ಳು ಹೂವಿನ ಹಳದಿ ಸಾಲು ಈಗ ನಮ್ಮ ಹೊಲ ಬಿಟ್ಟರೆ ಇನ್ನೊಂದೆರಡು ಕಡೆ ಮಾತ್ರ. ಸಂಕ್ರಾಂತಿ ಹೊತ್ತಿಗೆ ಅವರೇಕಾಯಿಯನ್ನು ಸಂತೆಯಲ್ಲಿ ಕೊಳ್ಳುವ ರೈತರನ್ನು ನೋಡಿದರೆ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಯಾವ ಬೆಳೆ ಹಾಕಬೇಕು ಅಂತ ಮಿಷನ್ ತೀರ್ಮಾನ ಮಾಡೋದಾ?

ಆ ಒಂದೂವರೆ ಎಕರೆಯನ್ನು ನಾವೇ ಕೊಯ್ದೆವು. ಬೆಂಗಳೂರಿನಿಂದ ನಾದಿನಿ, ಅವಳ ಗಂಡ ಬಂದರು. ಮಗಳು ಕಾಲೇಜಿಗೆ ರಜ ಹಾಕಿದಳು. ನಾದಿನಿ ಗಂಡ ಐಟಿಯವರು, ಕುಡುಗೋಲು ಹಿಡಿದ ಒಂದು ಗಂಟೆಗೇ ಅಂಗೈಯಲ್ಲಿ ಬೊಬ್ಬೆ. ಆಮೇಲೆ ಅವರಿಗೆ ಕಂತೆ ಹೊರುವ ಕೆಲಸ ಕೊಟ್ಟೆವು. ಪೂರ್ತಿ ಇಡೀ ಹೊಲ ಹೀಗೆ ಮಾಡು ಅಂದರೆ ನನ್ನ ಕೈಯಲ್ಲೂ ಆಗುವುದಿಲ್ಲ, ಸುಮ್ನೆ ಹೇಳಬಾರದು. ಬೆಳಿಗ್ಗೆ ಐದಕ್ಕೆ ಹಾಲು ಕರೆದು ಡೇರಿಗೆ ಹಾಕಿ, ಅಡುಗೆ ಮಾಡಿ, ಹೊಲಕ್ಕೆ ಹೋಗಿ, ಸಂಜೆ ಮತ್ತೆ ಹಾಲು. ಸುಗ್ಗಿ ಅಂತ ಹಸು ರಜ ಕೊಡುವುದಿಲ್ಲ ಅಲ್ವಾ? ಹಿಂದೆಲ್ಲ ಇದರ ಮೇಲೆ ಕಣ ಸಾರಿಸಿ, ಕಲ್ಲಿನ ಗುಂಡು ಉರುಳಿಸಿ ಒಕ್ಕಿ, ಗಾಳಿಗೆ ಕಾದು ತೂರಬೇಕಿತ್ತು. ಆ ಧೂಳು, ಆ ನವೆ ನನಗೆ ಬೇಡವೇ ಬೇಡ. ಕಣದ ದಿನಗಳನ್ನು ನೆನೆದು ಕಣ್ಣೀರು ಹಾಕುವವರಲ್ಲಿ ಹೆಚ್ಚಿನವರು ಕಣದಲ್ಲಿ ಊಟಕ್ಕೆ ಕೂತವರು, ಮೊರ ಹಿಡಿದವರಲ್ಲ.

ರಾಶಿ ಪೂಜೆ ಮಾತ್ರ ಟಾರ್ಪಾಲ್ ಮೇಲೇ ಆಯಿತು. ಸಗಣಿ ಬೆನಕ, ಗರಿಕೆ, ಒಂದು ತೆಂಗಿನಕಾಯಿ. ಮಿಷನ್ ರಾಗಿ, ಕೈ ರಾಗಿ ಎರಡಕ್ಕೂ ಒಂದೇ ಬೆನಕ.

ಕೊನೆಗೆ ಮಿಷನ್‌ಗೆ ಅಂಕ ಕೊಡುತ್ತೇನೆ. ದನ ಇಲ್ಲದ, ಬರೀ ರಾಗಿ ಹಾಕುವ, ಆಳು ಸಿಗದ ಮನೆಗೆ ಐದಕ್ಕೆ ನಾಲ್ಕೂವರೆ. ನಮ್ಮಂಥ ಮನೆಗೆ ಮೂರು. ಮುಂದಿನ ವರ್ಷವೂ ಕೆರೆ ಹಿಂದಿನ ಹೊಲಕ್ಕೆ ಅದೇ ಹುಡುಗರನ್ನು ಕರೆಸುತ್ತೇವೆ, ನೇರವಾಗಿ ಅವರ ನಂಬರ್ ತೆಗೆದುಕೊಂಡಿದ್ದೇವೆ. ಏಜೆಂಟ್ ಮೂಲಕವೇ ಹೋಗುವವರು ದೀಪಾವಳಿ ಮುಗಿದ ತಕ್ಷಣ ಹೇಳಿಡಿ, ಅಡ್ವಾನ್ಸ್ 500 ರೂಪಾಯಿಗಿಂತ ಜಾಸ್ತಿ ಕೊಡಬೇಡಿ. ಹೊಲಕ್ಕೆ ಇಳಿಯುವ ದಾರಿ ಎಂಟು ಅಡಿಯಾದರೂ ಇದೆಯಾ ಅಂತ ಮುಂಚೆಯೇ ಅಳೆದು ನೋಡಿ. ಪೆಂಡಿ ಮಿಷನ್‌ಗೂ ಅದೇ ವಾರಕ್ಕೆ ಹೇಳಿಡಿ. ಹುಲ್ಲು ಮೂರು ಇಬ್ಬನಿ ಕುಡಿದರೆ ಕಪ್ಪಾಗುತ್ತದೆ.