ಪಿಕಪ್‌ನ ಮುಂದಿನ ಶಾಕ್: ರಿಪೇರಿಯದ್ದು, ಆಯಿಲ್‌ನದ್ದು, ಗ್ಯಾಸ್‌ನದ್ದು

ಮಂಡಗದ್ದೆ ಹತ್ತಿರ ಬರುವಷ್ಟರಲ್ಲಿ ಸ್ಟೇರಿಂಗ್ ಹಿಡಿದ ಕೈ ಜೋಮು ಹಿಡಿಯುತ್ತಿತ್ತು. ತೀರ್ಥಹಳ್ಳಿ ಕಡೆಯಿಂದ ಅಡಿಕೆ ಹೇರಿಕೊಂಡು ಶಿವಮೊಗ್ಗಕ್ಕೆ ಹೋಗುವಾಗ ಅಷ್ಟು ಗೊತ್ತಾಗುತ್ತಿರಲಿಲ್ಲ. ಮಂಡಿಯಲ್ಲಿ ಮೂಟೆ ಇಳಿಸಿ ಖಾಲಿ ವಾಪಸ್ ಬರುವಾಗ ಗಾಡಿಯ ಮೂತಿ ಕಪ್ಪೆ ಥರ ಕುಪ್ಪಳಿಸುತ್ತಿತ್ತು. ಗಾಡಿಗೆ ವಯಸ್ಸಾಯ್ತು ಅಂತ ಸುಮ್ನಿದ್ದೆ. ಒಂದು ದಿನ ಟೈರ್ ಅಂಗಡಿಯವನು ನನ್ನ ಕೈ ಹಿಡಿದು ಮುಂದಿನ ಟೈರ್ ಮೇಲೆ ಸವರಿಸಿದ. ಸವೆತ ಒಂದೇ ಸಮ ಇರಲಿಲ್ಲ. ಉಬ್ಬು, ತಗ್ಗು, ಮತ್ತೆ ಉಬ್ಬು. ಶಾಕ್, ಅಂದರೆ ಶಾಕ್ ಅಬ್ಸಾರ್ಬರ್, ಸತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಅದೇ ಗಾಡಿಗೆ ಮೂರು ಥರದ ಶಾಕ್ ಹಾಕಿ ನೋಡಿದ್ದೇನೆ. ಮೊದಲು ಹಳೆಯದನ್ನೇ ರಿಪೇರಿ ಮಾಡಿಸಿದ್ದು, ಆಮೇಲೆ ಹೊಸ ಆಯಿಲ್ ಶಾಕ್, ಕೊನೆಗೆ ಗ್ಯಾಸ್ ಶಾಕ್. ಮೂರನ್ನೂ ಮನೆಯಂಗಳದಲ್ಲೇ ಹಾಕಿದ್ದು. ರಸ್ತೆ ಅದೇ, ಹೊರೆ ಅದೇ, ಬೆನ್ನು ನೋವೂ ಅದೇ. ಹಾಗಾಗಿ ಹೋಲಿಸುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಗಾಡಿಯ ಬಗ್ಗೆ ಒಂದು ಮಾತು. ನಮ್ಮ ಕಡೆ ಪಿಕಪ್ ಅಂದರೆ ಬೊಲೆರೊ ಅಂತಲೇ ಅರ್ಥ, ನನ್ನದೂ ಆ ಜಾತಿಯದೇ. ಹಿಂದೆ ಮಾತ್ರ ಅಲ್ಲ, ಮುಂದೆಯೂ ಕಮಾನು ಪ್ಲೇಟು, ಅಂದರೆ ಲೀಫ್ ಸ್ಪ್ರಿಂಗ್. ಗಾಡಿಯ ಭಾರ ಹೊರುವುದು ಆ ಪ್ಲೇಟು. ಶಾಕ್ ಭಾರ ಹೊರುವುದಿಲ್ಲ. ಗುಂಡಿಗೆ ಬಿದ್ದ ಪ್ಲೇಟು ಕುಣಿಯುತ್ತದಲ್ಲ, ಆ ಕುಣಿತವನ್ನು ಹಿಡಿದು ನಿಲ್ಲಿಸುವುದಷ್ಟೇ ಅದರ ಕೆಲಸ. ಒಳಗೆ ಸಣ್ಣ ತೂತುಗಳಿರುವ ಪಿಸ್ಟನ್ ಎಣ್ಣೆಯೊಳಗೆ ಹೋಗಿ ಬರುತ್ತಿರುತ್ತದೆ. ಕುಣಿತದ ಕಸುವೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಕರಗುತ್ತದೆ. "ಹೊಸ ಶಾಕ್ ಹಾಕಿದರೆ ಗಾಡಿ ಎತ್ತರ ಆಗುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಗ್ಯಾಸ್‌ನದ್ದಾದರೆ ಒಳಗಿನ ಒತ್ತಡಕ್ಕೆ ಒಂದು ಚೂರು ಏಳಬಹುದು, ಅಷ್ಟೆ. ಕುಸಿದ ಪ್ಲೇಟನ್ನು ಯಾವ ಶಾಕೂ ಎತ್ತಿ ನಿಲ್ಲಿಸುವುದಿಲ್ಲ.

ಬಾನೆಟ್ ಮೇಲೆ ಕೈಯೂರಿ ಅದುಮಿ, ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವ ಪರೀಕ್ಷೆಯನ್ನೂ ನಂಬಬೇಡಿ. ಕಾರಿಗೆ ಸರಿ. ಪ್ಲೇಟಿನ ಗಾಡಿ ಅದುಮಿದರೆ ಅಲ್ಲಾಡುವುದೇ ಕಷ್ಟ, ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಅವೇ ಕುಣಿತ ತಡೆಯುತ್ತವೆ. ಶಾಕ್ ಪೂರ್ತಿ ಸತ್ತಿದ್ದರೂ ಪಾಸ್ ಆಗಿಬಿಡುತ್ತದೆ. ನನ್ನದು ಎರಡು ವರ್ಷ ಹಾಗೇ ಪಾಸಾಗಿತ್ತು! ಶಾಕಿನ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿದೆಯಾ, ಟೈರ್ ಅಲೆ ಅಲೆಯಾಗಿ ಸವೆದಿದೆಯಾ ನೋಡಿ.

ರಿಪೇರಿ ಮಾಡಿಸಿದ ಜೋಡಿಯ ಕಥೆ ಮೊದಲು ಮುಗಿಸುತ್ತೇನೆ. ಹೊಸದರ ಮೂರನೇ ಒಂದು ಭಾಗದ ದುಡ್ಡಿಗೆ ಆಯಿತು. ಪೇಟೆಯ ಒಂದು ಅಂಗಡಿಯಲ್ಲಿ ಬಿಚ್ಚಿ, ಹೊಸ ಸೀಲ್ ಹಾಕಿ, ಎಣ್ಣೆ ತುಂಬಿ, ಬೆಸುಗೆ ಹಾಕಿ, ಕಪ್ಪು ಬಣ್ಣ ಬಳಿದು ಕೊಟ್ಟರು. ನೋಡಲು ಹೊಸ ಮದುಮಗನ ಹಾಗಿತ್ತು. ಎರಡು ವಾರ ಚೆನ್ನಾಗಿಯೂ ಇತ್ತು. ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಮೂತಿ ಎಡಕ್ಕೆ ವಾಲಲು ಶುರುವಾಯಿತು. ಎರಡಕ್ಕೂ ತುಂಬಿದ ಎಣ್ಣೆ ಒಂದೇ ಅಳತೆ ಇರಲಿಲ್ಲವೋ, ಒಂದೇ ಥರದ್ದಲ್ಲವೋ, ಒಂದು ಬಿಗಿ, ಒಂದು ಸಡಿಲ. ಮೂರು ತಿಂಗಳಿಗೆ ಎಡಗಡೆಯದು ಮತ್ತೆ ಒಸರಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ರಾಡ್ ಮೇಲೆ ಉಗುರಿಗೆ ಸಿಗುವಷ್ಟು ಒಂದು ಗೀರು. ಗೀರು ಬಿದ್ದ ರಾಡಿಗೆ ಎಷ್ಟು ಹೊಸ ಸೀಲ್ ಹಾಕಿದರೂ ಅಷ್ಟೇ, ಗರಗಸದ ಹಾಗೆ ತಿಂದುಹಾಕುತ್ತದೆ. ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ. ಅಂಥ ರಾಡನ್ನು ಕೊಟ್ಟವನು ನಾನೇ ಅಲ್ವಾ?

ಆದರೆ ಆ ಜೋಡಿಯಿಂದ ಒಂದು ಲಾಭ ಆಯಿತು. ಶಾಕ್ ಕೈಯಲ್ಲಿ ಪರೀಕ್ಷೆ ಮಾಡುವುದನ್ನು ಕಲಿತೆ. ನೆಟ್ಟಗೆ ನಿಲ್ಲಿಸಿ, ಪೂರ್ತಿ ಒತ್ತಿ, ಪೂರ್ತಿ ಎಳೆಯಬೇಕು. ಉದ್ದಕ್ಕೂ ಒಂದೇ ಹದದಲ್ಲಿ ತಡೆಯಬೇಕು. ನಡುವೆ ಎಲ್ಲಾದರೂ ಟಪಕ್ಕನೆ ಸಡಿಲಾದರೆ ಕೆಟ್ಟಿದೆ ಅಂತ. ಒತ್ತುವುದಕ್ಕಿಂತ ಎಳೆಯುವುದು ಗಟ್ಟಿ ಇರುತ್ತದೆ, ಅದು ದೋಷವಲ್ಲ.

ಆಯಿಲ್ ಶಾಕ್ ಮತ್ತು ಗ್ಯಾಸ್ ಶಾಕ್ ಜಗಳಕ್ಕೆ ಬರೋಣ. ಗ್ಯಾಸ್ ಅಂದರೆ ಒಳಗೆ ಬರೀ ಗಾಳಿ ಅಂತ ತಿಳಿದವರು ತುಂಬಾ ಇದ್ದಾರೆ. ಎರಡರಲ್ಲೂ ಕೆಲಸ ಮಾಡುವುದು ಎಣ್ಣೆಯೇ. ಆಯಿಲ್ ಶಾಕ್‌ನಲ್ಲಿ ಎಣ್ಣೆಯ ಮೇಲೆ ಸ್ವಲ್ಪ ಮಾಮೂಲಿ ಗಾಳಿ ಇರುತ್ತದೆ. ಕಡಗೋಲಿನಲ್ಲಿ ಮಜ್ಜಿಗೆ ಕಡೆದ ಹಾಗೆ ಪಿಸ್ಟನ್ ಒಂದೇ ಸಮ ಓಡಾಡಿದರೆ ಗಾಳಿ ಎಣ್ಣೆಯಲ್ಲಿ ಬೆರೆತು ನೊರೆ ಏಳುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಶಾಕ್ ಮೆತ್ತಗಾಗುತ್ತದೆ. ಗ್ಯಾಸ್ ಶಾಕ್‌ನಲ್ಲಿ ಆ ಜಾಗದಲ್ಲಿ ನೈಟ್ರೋಜನ್ ಅನ್ನು ಒತ್ತಡದಲ್ಲಿ ತುಂಬಿರುತ್ತಾರೆ. ಒತ್ತಡ ಇರುವುದರಿಂದ ನೊರೆ ಏಳುವುದು ಕಡಿಮೆ. ವ್ಯತ್ಯಾಸ ಇಷ್ಟೇ. ನಾನು ತಂದಾಗ ಗ್ಯಾಸ್ ಜೋಡಿಗೆ ಆಯಿಲ್ ಜೋಡಿಯ ಒಂದೂವರೆ ಪಟ್ಟು ದುಡ್ಡು ಕೊಟ್ಟೆ.

"ಘಾಟಿ ಇಳಿಯುವವರಿಗೆ ಗ್ಯಾಸೇ ಬೇಕು" ಅಂತ ಬಿಡಿಭಾಗ ಮಾರುವವರು ಹೇಳುತ್ತಾರೆ. ನಾನೂ ನಂಬಿದ್ದೆ. ಆಗುಂಬೆ ಘಾಟಿಯನ್ನು ಎರಡರಲ್ಲೂ ಇಳಿದು ಹತ್ತಿದೆ, ಹೇರ್‌ಪಿನ್ ತಿರುವುಗಳಲ್ಲಿ ಒಂದಿಷ್ಟೂ ವ್ಯತ್ಯಾಸ ಸಿಗಲಿಲ್ಲ. ಯಾಕೆ ಅಂದರೆ ಅಲ್ಲಿ ಗಾಡಿ ಹೋಗುವುದೇ ಎರಡನೇ ಗೇರಿನಲ್ಲಿ ತೆವಳಿಕೊಂಡು. ಬಿಸಿ ಏರುವುದು ಬ್ರೇಕಿಗೆ, ಶಾಕಿಗಲ್ಲ. ಶಾಕಿಗೆ ಬಿಸಿ ಏರುವುದು ಕಿತ್ತುಹೋದ ರಸ್ತೆಯಲ್ಲಿ ಒಂದೇ ವೇಗದಲ್ಲಿ ತುಂಬಾ ಹೊತ್ತು ಓಡಿಸಿದಾಗ. ಬೇಸಿಗೆಯಲ್ಲಿ ಒಮ್ಮೆ ಗೊಬ್ಬರ ತರಲು ಹೊಸನಗರದ ಆಚೆ ಹೋಗಿದ್ದೆ. ರಿಪೇರಿಗೆ ಅಂತ ಅಗೆದು ಬಿಟ್ಟ ರಸ್ತೆ, ತಗಡಿನ ಶೀಟಿನ ಹಾಗೆ ಅಲೆ ಅಲೆ. ಆಯಿಲ್ ಶಾಕ್ ಅರ್ಧ ಗಂಟೆಗೆ ಸೋತಿತು, ಸ್ಟೇರಿಂಗ್ ಒದರಲು ಶುರುವಾಯಿತು. ಟೀ ಕುಡಿಯಲು ನಿಲ್ಲಿಸಿ ಹೊರಟರೆ ಮತ್ತೆ ಸರಿ. ಎಣ್ಣೆ ತಣ್ಣಗಾಗಿ ನೊರೆ ಇಳಿದಿತ್ತು. ಮುಂದಿನ ವರ್ಷ ಗ್ಯಾಸ್ ಹಾಕಿ ಅದೇ ರಸ್ತೆಗೆ ಹೋದೆ. ಕೊನೆಯವರೆಗೂ ಒಂದೇ ಹದ. ಅಲ್ಲಿ ಗ್ಯಾಸ್ ಗೆದ್ದಿತು, ಅನುಮಾನವೇ ಇಲ್ಲ.

ತೋಟದ ರಸ್ತೆಯಲ್ಲಿ ಮಾತ್ರ ಉಲ್ಟಾ. ನಮ್ಮ ಮನೆಗೆ ಡಾಂಬರು ಬಿಟ್ಟು ಒಂದೂವರೆ ಕಿ.ಮೀ. ಕಲ್ಲು ಹಾಸಿದ ದಾರಿ. ಮೊದಲ ಗೇರು, ಒಂದೊಂದು ಚಕ್ರಕ್ಕೆ ಒಂದೊಂದು ಕಲ್ಲು. ಗ್ಯಾಸ್ ಶಾಕ್‌ನಲ್ಲಿ ಪ್ರತಿ ಕಲ್ಲೂ ಸೊಂಟಕ್ಕೆ ಬಂದು ಹೇಳಿ ಹೋಗುತ್ತದೆ. ಆಯಿಲ್‌ನಲ್ಲಿ ಅದು ನುಂಗಿಕೊಂಡು ಹೋಗುತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತು ಬಂದ ಮೊದಲ ದಿನವೇ, "ಏನೋ ಹಾಳು ಮಾಡಿದೀಯ ಗಾಡಿಗೆ" ಅಂದರು. ಅವರಿಗೆ ನಾನು ಶಾಕ್ ಬದಲಿಸಿದ್ದು ಗೊತ್ತೇ ಇರಲಿಲ್ಲ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ 200 ಲೀಟರಿನ ಡ್ರಮ್ಮು ಎರಡು ಹೇರಿರುತ್ತೇನೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಒಳಗೆ ತುಳುಕಾಡಿ ಗಾಡಿಯನ್ನು ಅತ್ತಿತ್ತ ತೂಗುತ್ತದೆ. ಇಲ್ಲಿ ಗ್ಯಾಸ್ ಸ್ವಲ್ಪ ಮೇಲು, ಸ್ವಲ್ಪವೇ. ಹೊರೆ ಕೂರುವುದು ಹೆಚ್ಚಾಗಿ ಹಿಂದಿನ ಆಕ್ಸಲ್ ಮೇಲೆ, ಮುಂದಕ್ಕೆ ಅಷ್ಟೇನೂ ಬರುವುದಿಲ್ಲ. "ಲೋಡ್ ಹಾಕ್ತೀರಾ, ಮುಂದೆ ಗಟ್ಟಿ ಶಾಕ್ ಹಾಕ್ಸಿ" ಅನ್ನುವ ಸಲಹೆ ಹಾಗಾಗಿ ನನಗೆ ಅರ್ಥವಾಗಿಲ್ಲ. ಅಂದ ಹಾಗೆ ಆ ದ್ರಾವಣ ಚೆಲ್ಲಿದರೆ ಕೂಡಲೇ ತೊಳೆಯಿರಿ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ನನ್ನ ಗಾಡಿಯ ತೊಟ್ಟಿಯ ತಳ ಜರಡಿ ಆಗಿದ್ದು ಹಾಗೆಯೇ.

ಹಾಕುವ ಕೆಲಸ ಮೂರಕ್ಕೂ ಹೆಚ್ಚುಕಡಿಮೆ ಒಂದೇ. ಪ್ಲೇಟಿನ ಗಾಡಿಯ ದೊಡ್ಡ ಅನುಕೂಲ ಅಂದರೆ ಚಕ್ರ ನೆಲದ ಮೇಲಿದ್ದಾಗಲೇ ಶಾಕ್ ಬಿಚ್ಚಬಹುದು. ಭಾರ ಪ್ಲೇಟಿನ ಮೇಲಿರುವುದರಿಂದ ಏನೂ ಚಿಮ್ಮುವುದಿಲ್ಲ. ಸಮತಟ್ಟಾದ ಅಡಿಕೆ ಅಂಗಳ, ಚಕ್ರಕ್ಕೆ ಅಡ್ಡ ಕಲ್ಲು, ಹ್ಯಾಂಡ್‌ಬ್ರೇಕ್. ಕೈ ಆಡಲು ಜಾಗ ಸಾಲದೆ ಎತ್ತಲೇಬೇಕಾದರೆ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಜಂಬಿಟ್ಟಿಗೆಯನ್ನೂ ಸ್ಟ್ಯಾಂಡ್ ಮಾಡಬೇಡಿ. ನೋಡಲು ಗಟ್ಟಿ, ಒಂದು ಕಡೆ ಭಾರ ಬಿದ್ದರೆ ಪುಡಿ.

ಕಷ್ಟ ಇರುವುದು ತುಕ್ಕಿನಲ್ಲಿ. ನಮ್ಮ ಮಳೆಯಲ್ಲಿ ಆರು ವರ್ಷ ನೆನೆದ ಬೋಲ್ಟು ಸುಮ್ನೆ ಬರುವುದಿಲ್ಲ. ಹಿಂದಿನ ದಿನ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮೊದಲ ಸಲ ನನಗೆ ಆ ತಾಳ್ಮೆ ಇರಲಿಲ್ಲ. ಪಾನಾಕ್ಕೆ ಪೈಪು ಸಿಕ್ಕಿಸಿ ತುಳಿದೆ. ನಟ್‌ನ ಮೂಲೆಯೆಲ್ಲ ಉರುಟಾಗಿ, ಕೊನೆಗೆ ಗ್ರೈಂಡರ್ ಹಿಡಿಯಬೇಕಾಯಿತು. ಅಷ್ಟೊತ್ತಿಗೆ ಕರೆಂಟು ಹೋಯಿತು. ಎಡಗಡೆಗೆ ಅರ್ಧ ದಿನ, ಬಲಗಡೆಗೆ ನಲವತ್ತು ನಿಮಿಷ.

ಆಯಿಲ್ ಶಾಕ್ ಆದರೆ ಹಾಕುವ ಮುಂಚೆ ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಎಳೆದು ಒತ್ತಬೇಕು. ಅಂಗಡಿಯಲ್ಲಿ ಮಲಗಿಸಿಟ್ಟಿದ್ದರಿಂದ ಒಳಗೆ ಸೇರಿದ ಗಾಳಿ ಮೇಲಕ್ಕೆ ಬರಲಿ ಅಂತ. ಗ್ಯಾಸ್‌ನದ್ದಕ್ಕೆ ಒಂದು ಪಟ್ಟಿ ಕಟ್ಟಿರುತ್ತಾರೆ. ಕತ್ತರಿಸಿದ ಕೂಡಲೇ ತಾನಾಗಿ ಉದ್ದವಾಗುತ್ತದೆ. ನಾನು ಮೊದಲೇ ಕತ್ತರಿಸಿ, ಆಮೇಲೆ ಬೋಲ್ಟಿಗೆ ಕೂರಿಸಲು ಒಬ್ಬನೇ ಒದ್ದಾಡಿದೆ. ಒಂದು ತುದಿ ಸಿಕ್ಕಿಸಿದ ಮೇಲೆ ಕತ್ತರಿಸಿ, ಅದೇ ಜಾಣತನ. ಕೆಲವು ಗಾಡಿಗಳಲ್ಲಿ ಮೇಲಿನ ತುದಿಯಲ್ಲಿ ಕಣ್ಣಿನ (ಬೋಲ್ಟ್ ತೂರುವ ಬಳೆಯ) ಬದಲು ಥ್ರೆಡ್ ಇರುವ ಕಡ್ಡಿ ಇರುತ್ತದೆ. ನಟ್ ತಿರುಗಿಸುವಾಗ ರಾಡೂ ತಿರುಗುತ್ತದೆ ಅಂತ ಅದನ್ನು ಇಕ್ಕಳದಲ್ಲಿ ಕಚ್ಚಿ ಹಿಡಿಯಬೇಡಿ. ಆ ಗೀರಿನ ಕಥೆ ಆಗಲೇ ಹೇಳಿದ್ದೇನೆ.

ಇನ್ನೊಂದು ವಿಷಯವನ್ನು ಮೆಕ್ಯಾನಿಕ್‌ಗಳೇ ಎಷ್ಟೋ ಜನ ಬಿಡುತ್ತಾರೆ. ಕಣ್ಣಿನ ಬೋಲ್ಟನ್ನು ಕೊನೆಯ ಬಿಗಿ ಮಾಡುವಾಗ ಗಾಡಿ ತನ್ನ ಚಕ್ರದ ಮೇಲೆಯೇ ನಿಂತಿರಬೇಕು. ಚಕ್ರ ನೇತಾಡುವಾಗ ಬಿಗಿದರೆ, ಗಾಡಿ ಇಳಿಸಿದ ಮೇಲೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬುಷ್ ಕೂರಿಸಲು ಗ್ರೀಸ್ ಬೇಡ, ರಬ್ಬರ್ ಹಾಳಾಗುತ್ತದೆ. ಸೋಪಿನ ನೀರು ಸಾಕು. ಗ್ರೀಸನ್ನು ಬೋಲ್ಟಿನ ಥ್ರೆಡ್ಡಿಗೆ ಹಚ್ಚಿ, ಮುಂದಿನ ಸಲ ನಿಮ್ಮನ್ನೇ ನೀವು ಹೊಗಳಿಕೊಳ್ಳುತ್ತೀರಿ. ಬದಲಿಸುವುದಾದರೆ ಎಡ ಬಲ ಎರಡನ್ನೂ ಬದಲಿಸಿ.

ಇದೆಲ್ಲ ಪ್ಲೇಟಿನ ಗಾಡಿಯ ಮಾತು. ಭಾವನದು ಇಸುಜು ಡಿ-ಮ್ಯಾಕ್ಸ್. ಮುಂದೆ ಕಾಯಿಲ್ ಸ್ಪ್ರಿಂಗ್, ಅದರ ಹೊಟ್ಟೆಯೊಳಗೆ ಶಾಕ್. ನನ್ನ ಧೈರ್ಯ ನೋಡಿ ಅವನದನ್ನೂ ಅಂಗಳದಲ್ಲೇ ಮಾಡೋಣ ಅಂದ. ಸ್ಪ್ರಿಂಗ್ ಅದುಮುವ ಸಾಧನ ಒಂದನ್ನು ಅಗ್ಗಕ್ಕೆ ತಂದೆವು. ಅರ್ಧ ಅದುಮಿದ ಮೇಲೆ ಒಂದು ಕೊಕ್ಕೆ ಒಂದು ಇಂಚು ಜಾರಿತು. ಇಬ್ಬರೂ ಒಂದೇ ಸಲ ಹಿಂದಕ್ಕೆ ಹಾರಿದೆವು. ಆಮೇಲೆ ಮಾತಿಲ್ಲದೆ ಮೆಲ್ಲಗೆ ಸಡಿಲಿಸಿ, ಸ್ಪ್ರಿಂಗು ಶಾಕು ಎರಡನ್ನೂ ಜೋಡಿಯಾಗಿಯೇ ನನ್ನ ಪಿಕಪ್‌ನಲ್ಲಿ ಹಾಕಿಕೊಂಡು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋದೆವು. ಅಲ್ಲಿ ಸ್ಪ್ರಿಂಗ್ ಅದುಮುವ ಪ್ರೆಸ್‌ನಲ್ಲಿಟ್ಟು ಹತ್ತೇ ನಿಮಿಷದಲ್ಲಿ ಮುಗಿಸಿದರು. ಗಾಡಿಯಿಂದ ಬಿಚ್ಚುವುದು, ಮತ್ತೆ ಕಟ್ಟುವುದು ಮನೆಯಲ್ಲಿ, ಸ್ಪ್ರಿಂಗ್ ಮುಟ್ಟುವುದು ಪ್ರೆಸ್ ಇರುವವರು. ಕಾಯಿಲ್ ಗಾಡಿಗೆ ನನ್ನ ಸಲಹೆ ಅಷ್ಟೆ. ನಡುವಿನ ನಟ್ಟನ್ನು ಸ್ಪ್ರಿಂಗ್ ಅದುಮದೆ ಬಿಚ್ಚಲು ಹೋಗಬೇಡಿ, ಜೀವಕ್ಕೆ ಅಪಾಯ.

ಶಾಕ್ ಬದಲಿಸಿದ ಮೇಲೂ ನನ್ನ ಗಾಡಿಯಲ್ಲಿ ಕಟಕಟ ಸದ್ದು ಹಾಗೇ ಉಳಿದಿತ್ತು. ಮೂರು ಜೋಡಿಯಲ್ಲೂ. ಅದು ಪ್ಲೇಟಿನ ತುದಿಯ ಬುಷ್ ಸವೆದದ್ದು ಅಂತ ಗೊತ್ತಾಗಿದ್ದು ಹೋದ ತಿಂಗಳು. ಶಾಕಿನ ಕಾಲು ಭಾಗದ ಖರ್ಚಿನ ಕೆಲಸ.

ದಿನಾ ಹಾಲು, ತರಕಾರಿ ಅಂತ ದೂರ ಓಡಿಸುವವರು ನನ್ನನ್ನು ಕೇಳಿದರೆ ಗ್ಯಾಸ್ ಅನ್ನುತ್ತೇನೆ. ನನಗೆ ಮಾತ್ರ ಆಯಿಲ್ಲೇ ಸರಿ. ವಾರಕ್ಕೆ ಒಂದು ಸಲ ಪೇಟೆ, ಉಳಿದ ಆರು ದಿನ ತೋಟದ ಕಲ್ಲು. ಬಿಚ್ಚಿಟ್ಟ ಆಯಿಲ್ ಜೋಡಿ ಇನ್ನೂ ಗಟ್ಟಿಯಿದೆ. ಕೊಟ್ಟಿಗೆಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ. ದೀಪಾವಳಿ ಕಳೆದು ಕೊಯ್ಲು ಶುರುವಾಗುವ ಮುಂಚೆ ಅದನ್ನೇ ವಾಪಸ್ ಹಾಕುವುದು. ಗ್ಯಾಸ್ ಜೋಡಿ ಬೇಕು ಅಂತ ಪಕ್ಕದ ಮನೆಯ ಹುಡುಗ ಈಗಲೇ ಎರಡು ಸಲ ಕೇಳಿಕೊಂಡು ಹೋಗಿದ್ದಾನೆ. ಬೋಲ್ಟಿಗೆ ನಾಳೆಯಿಂದಲೇ ಎಣ್ಣೆ ಬಿಡಲು ಶುರು ಮಾಡು, ಅರ್ಧ ಬೆಲೆಗೆ ಕೊಡುತ್ತೇನೆ ಅಂದಿದ್ದೇನೆ.