ಬಣ್ಣ ಬಳಿದ ಕಾಗದದ ಚಿತ್ರಕ್ಕೆ ಪೋಸ್ಟರ್ ಕಲರ್ರಾ, ಅಕ್ರಿಲಿಕ್ಕಾ?

ಮೂರು ತಿಂಗಳಿಂದ ನಮ್ಮ ಊಟದ ಮೇಜಿನ ತುಂಬ ಕಾಗದದ ಚೂರುಗಳೇ. ಡ್ರಾಯಿಂಗ್ ಶೀಟಿಗೆ ಮೊದಲು ಬಣ್ಣ ಬಳಿದು, ಒಣಗಿಸಿ, ಆಮೇಲೆ ಕತ್ತರಿಸಿಯೋ ಹರಿದೋ ಅಂಟಿಸುತ್ತೇನೆ. ಹೀಗೆ ಎಂಟು ಅಮೂರ್ತ ಚಿತ್ರಗಳಿಗೆ ಕೈ ಹಾಕಿದೆ. ನಾಲ್ಕಕ್ಕೆ ಪೋಸ್ಟರ್ ಕಲರ್, ಮೂರಕ್ಕೆ ಅಕ್ರಿಲಿಕ್, ಕೊನೆಯದಕ್ಕೆ ಎರಡೂ.

ನೋಡೋಕೆ ಪೋಸ್ಟರ್ ಕಲರ್ರೇ ಚೆಂದ. ಒಣಗಿದ ಮೇಲೆ ಹೊಳಪು ಇರುವುದಿಲ್ಲ, ಬೆಳಕು ಯಾವ ಕಡೆಯಿಂದ ಬಿದ್ದರೂ ನೀಲಿ ನೀಲಿಯಾಗಿಯೇ ಕಾಣುತ್ತದೆ. ಫ್ರಾನ್ಸಿನ ಕಲಾವಿದ ಹೆನ್ರಿ ಮಾಟಿಸ್ ಕೊನೆಗಾಲದ ಕಾಗದದ ಕೆಲಸಗಳಿಗೆ ಬಳಸಿದ್ದು ಇದೇ ಜಾತಿಯ ಗೌಶ್ ಬಣ್ಣ. 1941ರ ದೊಡ್ಡ ಆಪರೇಷನ್ ಆದ ಮೇಲೆ ನಿಂತು ಕೆಲಸ ಮಾಡುವುದು ಅವರಿಗೆ ಕಷ್ಟವಾಗಿತ್ತು. ಸಹಾಯಕರು ಹಾಳೆಗೆ ಬಣ್ಣ ಬಳಿದು ಕೊಡುತ್ತಿದ್ದರು, ಅವರು ಕತ್ತರಿ ಹಿಡಿಯುತ್ತಿದ್ದರು. 1953ರ ‘ಬಸವನಹುಳು’ ಹೆಚ್ಚುಕಡಿಮೆ 2.9 ಮೀಟರ್ ಚೌಕದ ಚಿತ್ರ. ಇರುವುದು ಬಣ್ಣದ ಕಾಗದದ ತುಂಡುಗಳಷ್ಟೇ!

ಕಷ್ಟ ಶುರುವಾಗುವುದು ಅಂಟಿಸುವಾಗ. ಪೋಸ್ಟರ್ ಕಲರ್ ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಮೊದಲ ಚಿತ್ರಕ್ಕೆ ಮೈದಾ ಅಂಟು ಹಚ್ಚಿದೆ. ತೇವ ಮೇಲಿನವರೆಗೂ ಬಂದು, ಒತ್ತಿದ ಬೆರಳಿಗೆ ಕೆಂಪು ಹತ್ತಿತು. ಅದೇ ಬೆರಳು ಪಕ್ಕದ ಹಳದಿಯ ಮೇಲೆ ಗುರುತು ಬಿಟ್ಟಿತು. ಆ ಹಳದಿಯನ್ನು ಉಳಿಸಿಕೊಳ್ಳಲು ಆಗಲೇ ಇಲ್ಲ, ತುಂಬ ಬೇಜಾರಾಯಿತು. ಈಗ ಗಟ್ಟಿ ಬಿಳಿ ಗೋಂದನ್ನು ಹಳೇ ಕಾರ್ಡಿನಿಂದ ತೆಳ್ಳಗೆ ಎಳೆದು, ಮೇಲೆ ಖಾಲಿ ಹಾಳೆ ಇಟ್ಟು, ಚಮಚದ ಬೆನ್ನಿನಿಂದ ಉಜ್ಜುತ್ತೇನೆ. ಮೈದಾ ಅಂಟಿನಲ್ಲಿ ತುಂಡನ್ನು ಸರಿಸಿ ಕೂರಿಸಲು ಸಮಯ ಸಿಗುತ್ತದೆ, ನಿಜ. ಆದರೆ ಜಿರಳೆಗೂ ಅದು ಇಷ್ಟ.

ಅಕ್ರಿಲಿಕ್‌ಗೆ ಈ ಭಯ ಇಲ್ಲ. ಒಣಗಿದರೆ ಪ್ಲಾಸ್ಟಿಕ್ ಪದರದ ಹಾಗೆ ಕೂರುತ್ತದೆ, ಒದ್ದೆ ಕೈಯಲ್ಲಿ ಮುಟ್ಟಿದರೂ ಏನೂ ಆಗುವುದಿಲ್ಲ. ಆದರೆ ಬಳಿದ ಹಾಳೆಗಳನ್ನು ಒಂದರ ಮೇಲೊಂದು ಇಡಬೇಡಿ. ಬಿಸಿಲು ಜೋರಿದ್ದ ವಾರ ನಾನು ಹಾಗೆ ಇಟ್ಟು, ಬಿಡಿಸುವಾಗ ಹಸಿರು ಹಾಳೆ ಕಪ್ಪು ಹಾಳೆಯ ಬಣ್ಣವನ್ನೇ ಕಿತ್ತುಕೊಂಡು ಬಂತು. ಮಧ್ಯೆ ಬಟರ್ ಪೇಪರ್ ಇಡಬೇಕು. ಸುರುಳಿ ಸುತ್ತಿಕೊಳ್ಳುವುದು ಎರಡರದ್ದೂ ಇದ್ದದ್ದೇ. ಹಿಂಬದಿಗೂ ಒಂದು ಕೈ ಬಣ್ಣ ಕೊಟ್ಟರೆ ಹಾಳೆ ತಕ್ಕಮಟ್ಟಿಗೆ ನೆಟ್ಟಗಾಗುತ್ತದೆ.

ಹರಿಯುವ ವಿಷಯದಲ್ಲಿ ನನಗೆ ಪೋಸ್ಟರ್ ಕಲರ್ರೇ ಇಷ್ಟ. ಹರಿದ ಎರಡು ತುಂಡುಗಳಲ್ಲಿ ಒಂದಕ್ಕೆ ನಾರುನಾರಾದ ಬಿಳಿ ಅಂಚು ಸಿಗುತ್ತದೆ, ಇನ್ನೊಂದಕ್ಕೆ ಬಣ್ಣ ಅಂಚಿನವರೆಗೂ ಇರುತ್ತದೆ. ಕಡು ನೀಲಿಯ ಸುತ್ತ ಆ ಬಿಳಿ ಗೆರೆ ಬಂದರೆ ಬೇರೆ ಪೆನ್ಸಿಲ್ಲೇ ಬೇಡ. ದಪ್ಪಗೆ ಬಳಿದ ಅಕ್ರಿಲಿಕ್ ಹರಿಯುವಾಗ ಸ್ವಲ್ಪ ಎಳೆದುಕೊಂಡು ಅಂಚಿನಲ್ಲಿ ಏಳುತ್ತದೆ. ಅದಕ್ಕೆ ಕತ್ತರಿಯೇ ಸರಿ. ಇನ್ನೊಂದು ಮಾತು: ಮಿಲ್ಲಿನ ಕಾಗದ ಒಂದು ದಿಕ್ಕಿಗೆ ನೇರ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಪಟ್ಟ. ನ್ಯೂಸ್‌ಪೇಪರ್ ಹರಿದು ನೋಡಿದರೆ ಗೊತ್ತಾಗುತ್ತದೆ.

ಮೇಲೆ ಇದ್ದಿಲ ಕಡ್ಡಿಯಲ್ಲಿ ಗೆರೆ ಎಳೆಯುವುದಾದರೆ ಪೋಸ್ಟರ್ ಕಲರ್ ಚೆನ್ನಾಗಿ ಹಿಡಿಯುತ್ತದೆ, ಹೊಳಪಿನ ಅಕ್ರಿಲಿಕ್ ಮೇಲೆ ಜಾರುತ್ತದೆ. ನೀರು ಬೆರೆಸಿದ ಇಂಕ್ ಹರಿಸಬೇಕಾದರೆ ಮಾತ್ರ ಅಕ್ರಿಲಿಕ್ಕೇ ಬೇಕು.

ಹಾಗಾಗಿ ಎಂಟನೇ ಚಿತ್ರದಲ್ಲಿ ಎರಡನ್ನೂ ಸೇರಿಸಿದ್ದೇನೆ. ಅಡಿಯ ದೊಡ್ಡ ಆಕಾರಗಳು ಅಕ್ರಿಲಿಕ್, ಅವುಗಳ ಮೇಲೆ ಇಂಕ್. ಕೊನೆಗೆ ಬರುವ ಮೂರು ತುಂಡು ಪೋಸ್ಟರ್ ಕಲರ್. ಅವನ್ನು ಇನ್ನೂ ಅಂಟಿಸಿಲ್ಲ. ಮಾಟಿಸ್ ಮಾಡುತ್ತಿದ್ದ ಹಾಗೆ ಪಿನ್ನು ಚುಚ್ಚಿ ಗೋಡೆಯ ಮೇಲೆ ಇಟ್ಟಿದ್ದೇನೆ. ಇವತ್ತು ಬೆಳಗ್ಗೆ ಕೆಂಪನ್ನು ಎರಡು ಬೆರಳಷ್ಟು ಕೆಳಗೆ ಇಳಿಸಿದೆ.